ಬದುಕಿ ಬಂದರು, ಆದರೆ ಮೊದಲಿನವರಲ್ಲ: ಓದುಗರ ಪ್ರಶ್ನೆ, ನಮ್ಮ ಉತ್ತರ

ತಲೆಗೆ ದೊಡ್ಡ ಪೆಟ್ಟು ಬಿದ್ದವರನ್ನು ಮನೆಯಲ್ಲಿ ನೋಡಿಕೊಳ್ಳುತ್ತಿರುವವರು ತಮ್ಮ ಮನಸ್ಸಿನ ಪಾಡು ಏನು ಅಂತ ಬರೆಯಲಿ ಎಂದು ಕಳೆದ ತಿಂಗಳು ಇದೇ ಅಂಕಣದಲ್ಲಿ ಕೇಳಿದ್ದೆ. ಇಷ್ಟು ಪತ್ರ ಬರುತ್ತವೆ ಅಂದುಕೊಂಡಿರಲಿಲ್ಲ. ಆಪರೇಷನ್, ಖರ್ಚು, ಔಷಧಿ ಬಗ್ಗೆ ಕೇಳಿದವರು ಕಡಿಮೆ. ಹೆಚ್ಚಿನವರು ಬರೆದಿರುವುದು ಯಾರ ಹತ್ತಿರವೂ ಹೇಳಿಕೊಳ್ಳಲು ಆಗದ ವಿಷಯ. ಸಿಟ್ಟು, ನಾಚಿಕೆ, ಸುಸ್ತು, 'ಜೀವ ಉಳೀತಲ್ಲ, ಇನ್ನೇನು ಬೇಕು' ಅನ್ನುವವರ ಮುಂದೆ ಬಾಯಿ ಮುಚ್ಚಿಕೊಂಡು ಕೂರಬೇಕಾದ ಕಷ್ಟ. ಕೆಲವು ಪತ್ರಗಳನ್ನು ಇಲ್ಲಿ ತೆಗೆದುಕೊಂಡಿದ್ದೇನೆ. ಗುರುತು ಸಿಗಬಾರದು ಅಂತ ಊರು, ವಯಸ್ಸು ಬದಲಿಸಿದ್ದೇನೆ.

ಪ್ರಶ್ನೆ: ನನ್ನ ಗಂಡನಿಗೆ ಬೈಕ್ ಅಪಘಾತ ಆಗಿ ಒಂದೂವರೆ ವರ್ಷ ಆಯ್ತು. ಹೆಲ್ಮೆಟ್ ಹಾಕಿರಲಿಲ್ಲ. ಹಣೆಯ ಭಾಗಕ್ಕೆ ಪೆಟ್ಟು, ಆಪರೇಷನ್ ಆಯ್ತು. ಈಗ ನಡೀತಾರೆ, ಊಟ ಮಾಡ್ತಾರೆ, ಮಾತಾಡ್ತಾರೆ. ಬಂದವರೆಲ್ಲ 'ನಿನ್ನ ತಾಳಿ ಗಟ್ಟಿ ಇತ್ತಮ್ಮ' ಅಂತಾರೆ. ಆದರೆ ಮನೆಯೊಳಗೆ ಇರೋದು ಬೇರೆಯೇ ಮನುಷ್ಯ. ಮೊದಲು ಒಂದು ಏರುದನಿ ಆಡಿದವರಲ್ಲ. ಈಗ ಸಾರು ಬಿಸಿ ಅಂತ ತಟ್ಟೆ ಎಸೀತಾರೆ, ಮಕ್ಕಳ ಎದುರು ಕೆಟ್ಟ ಮಾತಲ್ಲಿ ಬೈತಾರೆ, ಸ್ವಲ್ಪ ಹೊತ್ತಿಗೆ ಏನೂ ಆಗೇ ಇಲ್ಲ ಅನ್ನೋ ಹಾಗೆ 'ಕಾಫಿ ಕೊಡ್ತೀಯಾ' ಅಂತಾರೆ. ನಿಮಗೇನಾಗಿದೆ ಅಂತ ಕೇಳಿದರೆ 'ನನಗೇನೂ ಆಗಿಲ್ಲ, ನಿನಗೇ ತಲೆ ಕೆಟ್ಟಿದೆ' ಅಂತಾರೆ. ಅತ್ತೆಗೆ ನನ್ನ ಕಾಲ್ಗುಣದ ಮೇಲೇ ಅನುಮಾನ. ಒಂದೊಂದು ರಾತ್ರಿ, ಅವತ್ತೇ ದೇವರು ಕರ್ಕೊಂಡಿದ್ದರೆ ಚೆನ್ನಾಗಿತ್ತು ಅನಿಸುತ್ತೆ. ಆಮೇಲೆ ದೇವರ ಕೋಣೆಯಲ್ಲಿ ಕೂತು ಅಳ್ತೀನಿ. ನಾನು ಕೆಟ್ಟವಳಾ?
— ಹೆಸರು ಬೇಡ, ದಾವಣಗೆರೆ ಜಿಲ್ಲೆ

ಉತ್ತರ: ಇಲ್ಲ. ನೀವು ಕೆಟ್ಟವರಲ್ಲ. ಮೊದಲು ಇದನ್ನು ಹೇಳಿಬಿಡುತ್ತೇನೆ, ಉಳಿದದ್ದೆಲ್ಲ ಆಮೇಲೆ.

'ಅವತ್ತೇ ಹೋಗಿದ್ದರೆ' ಅನ್ನುವ ಯೋಚನೆ ಇಂಥ ಮನೆಗಳಲ್ಲಿ ಎಷ್ಟೋ ಜನರಿಗೆ ಬಂದಿರುತ್ತದೆ. ನನ್ನೆದುರು ಕೂತು ಇದೇ ಮಾತು ಹೇಳಿದ ಹೆಂಡತಿಯರಿದ್ದಾರೆ, ಅಮ್ಮಂದಿರಿದ್ದಾರೆ. ಬಾಗಿಲು ಹಾಕಿದೆಯಾ ಅಂತ ಎರಡು ಸಲ ತಿರುಗಿ ನೋಡಿ, ದನಿ ತಗ್ಗಿಸಿ ಹೇಳಿದವರು. ಅವರಲ್ಲಿ ಯಾರೂ ತಮ್ಮವರ ಸಾವನ್ನು ಬಯಸಿದವರಲ್ಲ. ಈ ಕಷ್ಟಕ್ಕೆ ಎಲ್ಲಾದರೂ ಒಂದು ಕೊನೆ ಬೇಕು ಅನಿಸಿದೆ, ಬೇರೆ ದಾರಿ ಕಾಣದೆ ಮನಸ್ಸು ಅಲ್ಲಿಗೆ ಹೋಗಿದೆ. ಅಷ್ಟೇ.

ನಿಮಗೆ ದೊಡ್ಡ ನಷ್ಟ ಆಗಿದೆ. ಅದನ್ನು ನಷ್ಟ ಅಂತ ಯಾರೂ ಒಪ್ಪುತ್ತಿಲ್ಲ, ನಿಮ್ಮ ಅರ್ಧ ನೋವು ಅದರದ್ದೇ. ಮನೆಯಲ್ಲಿ ಒಬ್ಬರು ತೀರಿಕೊಂಡರೆ ಹನ್ನೊಂದನೇ ದಿನ, ಹದಿಮೂರನೇ ದಿನ ಅಂತ ಇದೆ, ಜನ ಬಂದು ಜೊತೆಗೆ ಕೂತು ಅಳುತ್ತಾರೆ, ವರ್ಷಕ್ಕೊಮ್ಮೆ ತಿಥಿ ಮಾಡಿ ನೆನೆಯುತ್ತೇವೆ. ನೀವು ಮದುವೆಯಾದ ಆ ಮೆತ್ತಗಿನ ಮನುಷ್ಯ ಕಾಣೆಯಾಗಿದ್ದಾರೆ, ಆದರೆ ಅದೇ ಮುಖ ಎದುರಿಗೆ ಕೂತು ಕಾಫಿ ಕೇಳುತ್ತಿದೆ. ಇದಕ್ಕೆ ನಮ್ಮಲ್ಲಿ ಯಾವ ಶಾಸ್ತ್ರವೂ ಇಲ್ಲ. ಅತ್ತರೆ 'ಬದುಕಿರೋ ಗಂಡನ ಮುಂದೆ ಅಳ್ತಾಳೆ, ಅಪಶಕುನ' ಅನ್ನುತ್ತಾರೆ. ಅಮೆರಿಕದ ಪೌಲಿನ್ ಬಾಸ್ ಅನ್ನುವವರು 1970ರ ದಶಕದಿಂದ ಇಂಥ ನಷ್ಟದ ಬಗ್ಗೆಯೇ ಕೆಲಸ ಮಾಡಿದರು. ಯುದ್ಧದಲ್ಲಿ ಕಾಣೆಯಾದ ಸೈನಿಕರ ಕುಟುಂಬಗಳಿಂದ ಅವರು ಶುರು ಮಾಡಿದ್ದು: ಗಂಡ ಮನೆಗೆ ಬಂದಿಲ್ಲ, ಸತ್ತ ಸುದ್ದಿಯೂ ಇಲ್ಲ. ಆಮೇಲೆ ಇದರ ತಿರುವುಮುರುವು ಇರುವ ಮನೆಗಳನ್ನೂ ನೋಡಿದರು, ಮರೆವಿನ ಕಾಯಿಲೆ, ಮಿದುಳಿನ ಪೆಟ್ಟು, ಅಂದರೆ ಮನುಷ್ಯ ಮನೆಯಲ್ಲೇ ಇದ್ದಾರೆ, ಆದರೆ ಮೊದಲಿನವರು ಇಲ್ಲ. ಇಂಥ ದುಃಖ ಒಂದು ದಿನ ಮುಗಿಯುತ್ತದೆ ಅಂತ ಕಾಯಬೇಡಿ, 'ಇದ್ದಾರೆ' ಮತ್ತು 'ಇಲ್ಲ' ಎರಡೂ ನಿಜ ಅಂತ ಒಟ್ಟಿಗೆ ಒಪ್ಪಿಕೊಳ್ಳುವುದೇ ದಾರಿ ಅನ್ನುವುದು ಅವರ ಅಭಿಪ್ರಾಯ. ನನಗೂ ಅದು ಸರಿ ಅನಿಸುತ್ತದೆ. ನಿಮ್ಮ ಹಳೆಯ ಗಂಡನಿಗಾಗಿ ಅಳಿ. ಮದುವೆ ಫೋಟೋ ತೆಗೆದು ನೋಡಿ ಅಳಿ. ಅದರಲ್ಲಿ ಅಪಶಕುನ ಏನೂ ಇಲ್ಲ.

ಈಗ ಅವರ ಸಿಟ್ಟಿನ ವಿಷಯ. ಹಣೆಯ ಹಿಂದಿರುವ ಮಿದುಳಿನ ಭಾಗ ನಮಗೆಲ್ಲ ಬ್ರೇಕ್ ಇದ್ದ ಹಾಗೆ. ಸಾರು ಬಿಸಿ ಇದ್ದಾಗ ಯಾರಿಗೂ ಸಿಟ್ಟು ಬರುತ್ತದೆ, ತಟ್ಟೆ ಎಸೆಯದಂತೆ ತಡೆಯುವುದು ಆ ಭಾಗ. ಅದಕ್ಕೆ ಏಟಾಗಿದೆ. ಇದು ಹೊಸ ವಿಷಯವೇನಲ್ಲ. 1848ರಲ್ಲಿ ಅಮೆರಿಕದ ವರ್ಮಾಂಟ್‌ನಲ್ಲಿ ರೈಲು ಹಳಿಗೆ ಬಂಡೆ ಒಡೆಸುತ್ತಿದ್ದ ಫಿನಿಯಸ್ ಗೇಜ್ ಎಂಬ ಮೇಸ್ತ್ರಿಯ ಕೆನ್ನೆಯ ಕೆಳಗಿಂದ ಹೊಕ್ಕ ಒಂದು ಮೀಟರಿಗಿಂತ ಉದ್ದದ ಕಬ್ಬಿಣದ ಸಲಾಕೆ ನೆತ್ತಿಯಿಂದ ಹೊರಗೆ ಹಾರಿತು. ಅವರು ಬದುಕಿದರು, ನಡೆದರು, ಮಾತಾಡಿದರು. ಆದರೆ ಜೊತೆಯವರು 'ಇವನು ನಮ್ಮ ಗೇಜ್ ಅಲ್ಲವೇ ಅಲ್ಲ' ಅಂದರು ಎಂದು ಅವರಿಗೆ ಚಿಕಿತ್ಸೆ ಕೊಟ್ಟ ಡಾಕ್ಟರ್ ಹಾರ್ಲೋ ಬರೆದಿಟ್ಟಿದ್ದಾರೆ. ಸಭ್ಯ ಮನುಷ್ಯ ಬಾಯಿಗೆ ಬಂದಂತೆ ಬೈಯುವವನಾಗಿದ್ದ. ಕಥೆ ಹೇಳುವವರು ಸಾಮಾನ್ಯವಾಗಿ ಇಲ್ಲಿಗೇ ನಿಲ್ಲಿಸುತ್ತಾರೆ, ನನಗೆ ಮುಂದಿನದು ಮುಖ್ಯ: ಅದೇ ಗೇಜ್ ಆಮೇಲೆ ಚಿಲಿ ದೇಶಕ್ಕೆ ಹೋಗಿ ವರ್ಷಗಟ್ಟಲೆ ಕುದುರೆ ಗಾಡಿ ಓಡಿಸಿ ದುಡಿದರು. ದಿನವೂ ಒಂದೇ ಹೊತ್ತಿಗೆ ಒಂದೇ ಕೆಲಸ, ಒಂದೇ ದಾರಿ. ಅಂಥ ಕಟ್ಟುನಿಟ್ಟಿನ ದಿನಚರಿಯೇ ಅವರನ್ನು ಸುಧಾರಿಸಿರಬೇಕು ಅಂತ ಇತ್ತೀಚೆಗೆ ಅಧ್ಯಯನ ಮಾಡಿದವರು ಹೇಳುತ್ತಾರೆ.

'ನನಗೇನೂ ಆಗಿಲ್ಲ' ಅನ್ನುವುದು ಸುಳ್ಳಲ್ಲ, ಹಟವೂ ಅಲ್ಲ. ತನಗೆ ಏನಾಗಿದೆ ಅಂತ ತಿಳಿಸಬೇಕಾದ ಭಾಗಕ್ಕೇ ಏಟು ಬಿದ್ದಾಗ, ಅವರಿಗೆ ನಿಜವಾಗಿಯೂ ಗೊತ್ತಾಗುವುದಿಲ್ಲ. ಅದಕ್ಕೇ ವಾದ ಮಾಡಿ ಗೆಲ್ಲಲು ಹೋಗಬೇಡಿ. ನೀವು ಮಾತಿನಲ್ಲಿ ಗೆದ್ದರೂ ಅವರ ತಲೆಗೆ ಇಳಿಯುವುದಿಲ್ಲ.

ಒಂದು ನೋಟ್‌ಬುಕ್ ಇಟ್ಟುಕೊಂಡು ಸಿಟ್ಟು ಬಂದಾಗಲೆಲ್ಲ ಅದಕ್ಕಿಂತ ಅರ್ಧ ಗಂಟೆ ಮುಂಚೆ ಮನೆಯಲ್ಲಿ ಏನಾಗುತ್ತಿತ್ತು ಅಂತ ಬರೆಯಿರಿ. ಎರಡು ವಾರ ಬರೆದರೆ ಒಂದು ಜಾಡು ಸಿಗುತ್ತದೆ. ಹೆಚ್ಚಾಗಿ ಸಂಜೆ ಹೊತ್ತು, ಹಸಿವು, ಟಿವಿ ಜೋರು, ಮಕ್ಕಳ ಗಲಾಟೆ, ಎರಡು ಮೂರು ಜನ ಒಟ್ಟಿಗೆ ಮಾತಾಡುವುದು. ಪೆಟ್ಟು ತಿಂದ ಮಿದುಳಿಗೆ ಬೇಗ ಸುಸ್ತಾಗುತ್ತದೆ, ಆ ಸುಸ್ತು ಹೊರಗೆ ಕಾಣುವುದಿಲ್ಲ, ಸಿಟ್ಟಾಗಿ ಬರುತ್ತದೆ. ಹಾಗಿದ್ದರೆ ಮಧ್ಯಾಹ್ನ ಮಲಗಿಸಿ, ರಾತ್ರಿ ಊಟ ಬೇಗ ಬಡಿಸಿ, ಸಾರು ಆರಿಸಿ ಕೊಡಿ, ಊಟದ ಹೊತ್ತಿಗೆ ಟಿವಿ ಬೇಡ. ಸಿಟ್ಟು ಏರಿದಾಗ ದನಿ ತಗ್ಗಿಸಿ, ಮಕ್ಕಳನ್ನು ಕರೆದುಕೊಂಡು ಇನ್ನೊಂದು ಕೋಣೆಗೆ ಹೋಗಿ. ತಣ್ಣಗಾದ ಮೇಲೆ ಒಂದೇ ಒಂದು ವಾಕ್ಯ ಹೇಳಿ: 'ತಟ್ಟೆ ಎಸೆದಾಗ ಮಗಳು ಹೆದರಿಕೊಂಡಳು.' ಅದರ ಮೇಲೆ ಉಪದೇಶ ಬೇಡ.

ಇನ್ನೊಂದು ಮಾತು, ಇದನ್ನು ಮರೆಯದೆ ಡಾಕ್ಟರ್ ಹತ್ತಿರ ಕೇಳಿ. ಫಿಟ್ಸ್ ಬಾರದಿರಲಿ ಅಂತ ಕೊಡುವ ಮಾತ್ರೆಗಳಲ್ಲಿ ಲೆವೆಟಿರಾಸಿಟಮ್ ಅನ್ನುವುದು ಕೆಲವರಲ್ಲಿ ಸಿಟ್ಟು, ಕಿರಿಕಿರಿ ಜಾಸ್ತಿ ಮಾಡುತ್ತದೆ. ನಿಮ್ಮವರು ಅದನ್ನು ತೆಗೆದುಕೊಳ್ಳುತ್ತಿದ್ದರೆ ಬದಲಿ ಇದೆಯಾ ಅಂತ ವಿಚಾರಿಸಿ. ನೀವಾಗಿಯೇ ನಿಲ್ಲಿಸಬೇಡಿ, ಫಿಟ್ಸ್ ಬಂದೀತು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಿದುಳಿನ ಪೆಟ್ಟಿನ ನಂತರದ ನೆನಪು, ಗಮನ, ವರ್ತನೆಯನ್ನು ಪರೀಕ್ಷೆ ಮಾಡಿ ತರಬೇತಿ ಕೊಡುವ ನ್ಯೂರೋಸೈಕಾಲಜಿ ವಿಭಾಗ ಇದೆ, ಪುನರ್ವಸತಿ ವಿಭಾಗವೂ ಇದೆ. ಮುಂದಿನ ಸಲ ಹೋಗುವಾಗ ಅತ್ತೆಯನ್ನೂ ಕರೆದುಕೊಂಡು ಹೋಗಿ, ಸ್ಕ್ಯಾನ್ ತೋರಿಸಿ 'ಇವರ ಮಗ ಯಾಕೆ ಹೀಗೆ ಆಡುತ್ತಾರೆ, ನೀವೇ ಹೇಳಿ' ಅಂತ ಡಾಕ್ಟರನ್ನೇ ಕೇಳಿ. ಕಾಲ್ಗುಣದ ಮಾತಿಗೆ ನೀವು ಉತ್ತರ ಕೊಟ್ಟರೆ ಜಗಳ ಆಗುತ್ತದೆ, ಬಿಳಿ ಕೋಟು ಹಾಕಿದವರು ಹೇಳಿದರೆ ಅವರೂ ಕೇಳಬಹುದು.

ಪೆಟ್ಟಿನಿಂದ ಹೀಗಾಗಿದೆ ಅಂದಮಾತ್ರಕ್ಕೆ ಹೊಡೆತ ತಿನ್ನಬೇಕು ಅಂತೇನೂ ಇಲ್ಲ. ಕೈ ಎತ್ತಿದರೆ ಹೊರಗೆ ಬನ್ನಿ, ಪಕ್ಕದ ಮನೆಯ ಒಬ್ಬರಿಗೆ ಮೊದಲೇ ಹೇಳಿಟ್ಟಿರಿ, 112 ಇದೆ, ಹೆಣ್ಣುಮಕ್ಕಳಿಗೆ 181 ಇದೆ. ಮಕ್ಕಳಿಗೆ 'ಅಪ್ಪನ ತಲೆಗೆ ಪೆಟ್ಟಾಗಿದೆ, ಅದಕ್ಕೆ ಹಾಗೆ ಬೈತಾರೆ, ನಿಮ್ಮ ತಪ್ಪಿಲ್ಲ' ಅಂತ ಬಾಯಿ ಬಿಟ್ಟು ಹೇಳಿ. ಹೇಳದಿದ್ದರೆ ಮಕ್ಕಳು ತಪ್ಪು ತಮ್ಮದೇ ಅಂದುಕೊಳ್ಳುತ್ತಾರೆ.

ಪ್ರಶ್ನೆ: ನನ್ನ ಮಗನಿಗೆ 21. ಎರಡು ತಿಂಗಳಿಂದ ಮಲಗಿದಲ್ಲೇ ಇದ್ದಾನೆ, ಕುತ್ತಿಗೆಯಲ್ಲಿ ಉಸಿರಿನ ಟ್ಯೂಬ್ ಇದೆ. ಈಗ ಕಣ್ಣು ಬಿಡ್ತಾನೆ. 6 ಇದ್ದ ಜಿಸಿಎಸ್ 9 ಆಗಿದೆ ಅಂದ್ರು. 'ನನ್ನನ್ನು ನೋಡ್ತಾನೆ, ಗುರುತು ಹಿಡೀತಾನೆ' ಅಂತಾಳೆ ನನ್ನ ಹೆಂಡತಿ. ಡಾಕ್ಟರ್ ಹಾಗೆ ಹೇಳಲ್ಲ. ಅವಳು ಹಾಸಿಗೆ ಬಿಟ್ಟು ಏಳಲ್ಲ. ನಾನು ಕೆಲಸಕ್ಕೆ ಹೋಗ್ತೀನಿ, ಹೋಗದೆ ಬಿಲ್ ಕಟ್ಟೋದು ಹೇಗೆ? 'ನಿಮಗೆ ಕರುಳಿಲ್ಲ' ಅಂತಾಳೆ. ನಾನು ಬಚ್ಚಲಲ್ಲಿ ನಲ್ಲಿ ಬಿಟ್ಟು ಅಳೋದು ಅವಳಿಗೆ ಗೊತ್ತಿಲ್ಲ. ದಿನಕ್ಕೆ ಎಷ್ಟೋ ಫೋನು, 'ಹೇಗಿದ್ದಾನೆ' ಅಂತ. ಉತ್ತರ ಹೇಳಿ ಹೇಳಿ ಸಾಕಾಗಿದೆ.
— ಒಬ್ಬ ತಂದೆ, ಶಿವಮೊಗ್ಗ

ಉತ್ತರ: ಮೊದಲು ಆ ಅಂಕಿ. ಅದು ನಿಮ್ಮಿಬ್ಬರ ನಡುವೆ ಬೇಡದ ಜಗಳ ತರುತ್ತಿದೆ. ಜಿಸಿಎಸ್ ಅಂದರೆ ಗ್ಲಾಸ್ಗೋ ಕೋಮಾ ಸ್ಕೇಲ್. 1974ರಲ್ಲಿ ಗ್ಲಾಸ್ಗೋ ನಗರದ ಇಬ್ಬರು ವೈದ್ಯರು, ಟೀಸ್‌ಡೇಲ್ ಮತ್ತು ಜೆನೆಟ್, ರೋಗಿಗೆ ಎಚ್ಚರ ಎಷ್ಟಿದೆ ಅಂತ ನೋಡಲು ಮಾಡಿದ ಅಳತೆ. ಕಣ್ಣಿಗೆ 4, ಮಾತಿಗೆ 5, ಕೈಕಾಲಿನ ಚಲನೆಗೆ 6, ಒಟ್ಟು 15. ಏನೂ ಇಲ್ಲದಿದ್ದರೂ 3 ಇರುತ್ತದೆ. ಟ್ಯೂಬ್ ಇರುವವರಿಗೆ ಮಾತಿನ ಅಂಕ ಹೇಗೂ ಸಿಗುವುದಿಲ್ಲ. ಕಣ್ಣು ಮುಚ್ಚಿದ್ದವರು ತಾವಾಗಿ ಕಣ್ಣು ಬಿಟ್ಟರೆ ಅಲ್ಲೇ 1 ಇದ್ದದ್ದು 4 ಆಗುತ್ತದೆ. 6 ಇದ್ದದ್ದು 9 ಆಗಲು ಅಷ್ಟೇ ಸಾಕು. ಕಣ್ಣು ತೆರೆದದ್ದು ಖಂಡಿತ ಮುಂದಿನ ಹೆಜ್ಜೆ. ಆದರೆ ಎಚ್ಚರ ಬೇರೆ, ಅರಿವು ಬೇರೆ. ಎಷ್ಟೋ ರೋಗಿಗಳು ಕಣ್ಣು ಬಿಡುತ್ತಾರೆ, ನಿದ್ದೆ ಮಾಡುತ್ತಾರೆ, ಏಳುತ್ತಾರೆ, ಆದರೆ ಸುತ್ತಲಿನದು ತಿಳಿಯುತ್ತಿರುವುದಿಲ್ಲ. ಇನ್ನು ಕೆಲವರಿಗೆ ಸ್ವಲ್ಪ ಅರಿವು ಇರುತ್ತದೆ, ಅದು ಬಂದು ಬಂದು ಹೋಗುತ್ತದೆ. ಡಾಕ್ಟರ್ ರೌಂಡ್ಸ್‌ಗೆ ಬಂದ ಐದು ನಿಮಿಷದಲ್ಲಿ ಅದು ಕಾಣದೇ ಹೋಗಬಹುದು.

ಅದಕ್ಕೇ ನಿಮ್ಮ ಹೆಂಡತಿಯ ಮಾತನ್ನು ತಳ್ಳಿಹಾಕಬೇಡಿ, ಕಣ್ಣು ಮುಚ್ಚಿ ನಂಬಲೂ ಬೇಡಿ. ಇಬ್ಬರೂ ಸೇರಿ ನೋಡಿ. ಡಾಕ್ಟರುಗಳು ಇಂಥ ಪರೀಕ್ಷೆಗೆ ಒಂದು ಸಾಮಾನ್ಯ ಕನ್ನಡಿ ಬಳಸುತ್ತಾರೆ, ಯಾಕೆಂದರೆ ಬೇರೆ ಯಾವ ವಸ್ತುವಿಗಿಂತ ತನ್ನ ಮುಖವೇ ಕಣ್ಣನ್ನು ಬೇಗ ಸೆಳೆಯುತ್ತದೆ. ಅವನು ಎಚ್ಚರವಾಗಿ ಹಗುರಾಗಿ ಇರುವ ಹೊತ್ತಲ್ಲಿ ಮುಖದ ಮುಂದೆ ಕನ್ನಡಿ ಹಿಡಿದು ನಿಧಾನವಾಗಿ ಎಡಕ್ಕೆ, ಬಲಕ್ಕೆ ಒಯ್ಯಿರಿ. ಕಣ್ಣು ಹಿಂಬಾಲಿಸಿತಾ? 'ಹೆಬ್ಬೆರಳು ಎತ್ತು' ಅಂತ ಒಂದೇ ಮಾತು ಹೇಳಿ ಕಾಯಿರಿ, ಒಂದು ನಿಮಿಷ ಬೇಕಾದರೂ ಕಾಯಿರಿ. ಹೊತ್ತು ಹಾಕಿ ಬರೆದಿಡಿ, ಫೋನಿನಲ್ಲಿ ವಿಡಿಯೋ ಮಾಡಿ, ಡಾಕ್ಟರಿಗೆ ತೋರಿಸಿ. ಅರಿವು ಮರಳುವುದನ್ನು ಎಷ್ಟೋ ಸಲ ಮೊದಲು ಕಂಡವರು ಮನೆಯವರೇ. ಎರಡು ತಿಂಗಳು ಅಂದರೆ ಇನ್ನೂ ಬೇಗ. ಪೆಟ್ಟಿನಿಂದ ಹೀಗಾದವರಲ್ಲಿ ವರ್ಷದೊಳಗೆ ಅರಿವು ಮರಳಿದವರಿದ್ದಾರೆ, ಮರಳದವರೂ ಇದ್ದಾರೆ. ಸಿನಿಮಾದಲ್ಲಿ ಕೋಮಾದಿಂದ ಎದ್ದವರು ನೇರ 'ಅಮ್ಮಾ' ಅನ್ನುತ್ತಾರೆ, ಆಸ್ಪತ್ರೆಯಲ್ಲಿ ಹಾಗಾಗುವುದಿಲ್ಲ, ಚೂರು ಚೂರಾಗಿ ಆಗುತ್ತದೆ.

ಇನ್ನು ನೀವಿಬ್ಬರು. ಒಂದೇ ದುಃಖ ಇಬ್ಬರಲ್ಲಿ ಬೇರೆ ಬೇರೆ ಥರ ಬರುತ್ತದೆ. ಅವರದು ಮಗನ ಕೈ ಹಿಡಿದು ಕೂರುತ್ತದೆ, ನಿಮ್ಮದು ದುಡಿಯಲು ಹೋಗುತ್ತದೆ. ಎರಡೂ ಮಗನಿಗಾಗಿಯೇ. ಆದರೆ ನೀವು ಅಳುವುದನ್ನು ನಲ್ಲಿ ನೀರಿನ ಸದ್ದಿನಲ್ಲಿ ಮುಚ್ಚಿಟ್ಟರೆ ಅವರಿಗೆ ಗೊತ್ತಾಗುವುದು ಹೇಗೆ? ಅವರಿಗೆ ಕಾಣುವುದು ಇಸ್ತ್ರಿ ಮಾಡಿದ ಶರ್ಟು ಹಾಕಿ ಬಾಗಿಲು ದಾಟುವ ಗಂಡಸು ಮಾತ್ರ. ಒಂದು ದಿನ ಅವರೆದುರೇ ಅಳಿ. ಗಟ್ಟಿ ಇರಬೇಕು ಅಂತ ನಿಮಗೆ ಯಾರು ಹೇಳಿದರೋ ಗೊತ್ತಿಲ್ಲ, ಈ ಮನೆಯಲ್ಲಿ ಅದರಿಂದ ನಷ್ಟವೇ ಆಗುತ್ತಿದೆ. ಭಾನುವಾರ ಮಗನ ಮೈ ಒರೆಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸುವುದು, ಕಾಲು ಕೈ ಮಡಿಸಿ ನೀಡುವುದು ನೀವು ಮಾಡಿ, ಅವರನ್ನು ಮನೆಗೆ ಕಳಿಸಿ ತಲೆಗೆ ಸ್ನಾನ ಮಾಡಿ ಮಲಗಲಿ. ಮೊದಲ ಸಲ ಅವರು ಹೋಗಲು ಒಪ್ಪುವುದಿಲ್ಲ. ಜೊತೆಗೆ ಅವರ ಅಕ್ಕನನ್ನೋ ತಂಗಿಯನ್ನೋ ಕಳಿಸಿ.

ಫೋನಿನ ವಿಷಯ ಸುಲಭ. ನೆಂಟರಲ್ಲಿ ಒಬ್ಬರನ್ನು ಗೊತ್ತು ಮಾಡಿ, ಎರಡು ದಿನಕ್ಕೊಮ್ಮೆ ಅವರೇ ವಾಟ್ಸಾಪ್ ಗುಂಪಿನಲ್ಲಿ ನಾಲ್ಕು ಸಾಲು ಹಾಕಲಿ, ನಿಮಗೆ ಫೋನ್ ಮಾಡಿದವರಿಗೆಲ್ಲ 'ಅವರನ್ನು ಕೇಳಿ' ಅನ್ನಿ. ಯಾರೂ ತಪ್ಪು ತಿಳಿಯುವುದಿಲ್ಲ, ತಿಳಿದರೂ ಪರವಾಗಿಲ್ಲ. ರೇಸ್ ಕಾರಿನ ಚಾಂಪಿಯನ್ ಮೈಕೆಲ್ ಶುಮಾಕರ್ 2013ರ ಡಿಸೆಂಬರ್ 29ರಂದು ಫ್ರಾನ್ಸಿನ ಆಲ್ಪ್ಸ್ ಬೆಟ್ಟದಲ್ಲಿ ಸ್ಕೀಯಿಂಗ್ ಮಾಡುವಾಗ ಬಿದ್ದು ತಲೆ ಬಂಡೆಗೆ ಬಡಿಯಿತು. ಇಡೀ ಜಗತ್ತು ಕೇಳುತ್ತಿದ್ದರೂ ಅವರ ಮನೆಯವರು ಅವರ ಸ್ಥಿತಿ ಬಗ್ಗೆ ಹೊರಗೆ ಹೆಚ್ಚೇನೂ ಹೇಳಿಲ್ಲ. ಅವರಿಗೆ ಇರುವ ಹಕ್ಕು ನಿಮಗೂ ಇದೆ.

ಪ್ರಶ್ನೆ: ನಾನು ಸೆಕೆಂಡ್ ಪಿಯುಸಿ. ಅಣ್ಣನಿಗೆ ಆಕ್ಸಿಡೆಂಟ್ ಆದ ಮೇಲೆ ಮನೆಯಲ್ಲಿ ಎಲ್ಲ ಅವನ ಸುತ್ತಲೇ. ನನಗೆ ಮಿಡ್‌ಟರ್ಮ್‌ನಲ್ಲಿ ಒಳ್ಳೆ ಮಾರ್ಕ್ಸ್ ಬಂತು, ಕಾರ್ಡ್ ಫ್ರಿಜ್ ಮೇಲೆ ಇಟ್ಟೆ. ಇನ್ನೂ ಅಲ್ಲೇ ಇದೆ. ಅಣ್ಣನ ಮೇಲೆ ಹೊಟ್ಟೆಕಿಚ್ಚಾಗುತ್ತೆ, ಆಮೇಲೆ ನನ್ನ ಮೇಲೇ ಅಸಹ್ಯ ಆಗುತ್ತೆ.
— ಹಾಸನದಿಂದ ಒಬ್ಬಳು

ಉತ್ತರ: ಪುಟ್ಟಿ, ಮೊದಲು ನನ್ನಿಂದ ಶಾಬಾಷ್ ತಗೋ. ಅಂಥ ಮನೆಯಲ್ಲಿ ಕೂತು ಓದಿ ಮಾರ್ಕ್ಸ್ ತೆಗೆಯುವುದು ಸಣ್ಣ ಮಾತಲ್ಲ.

ಹೊಟ್ಟೆಕಿಚ್ಚು ಅಂತ ನೀನು ಕರೆಯುತ್ತಿರುವುದು ಹೊಟ್ಟೆಕಿಚ್ಚಲ್ಲ. ನಿನಗೂ ಅಪ್ಪ ಅಮ್ಮ ಬೇಕು, ಅಷ್ಟೇ. ಅವರು ನಿನ್ನನ್ನು ಮರೆತಿಲ್ಲ, ಆದರೆ ನೀನು ತೊಂದರೆ ಕೊಡದ ಮಗಳು, ಅದಕ್ಕೇ ನಿನ್ನ ಕಡೆ ನೋಡಲು ಅವರಿಗೆ ಕಾರಣವೇ ಸಿಗುತ್ತಿಲ್ಲ. ಇದು ಅನ್ಯಾಯ, ನಾನು ಒಪ್ಪುತ್ತೇನೆ. ಆ ಕಾರ್ಡನ್ನು ಫ್ರಿಜ್ ಮೇಲಿಂದ ತೆಗೆದು ಅಮ್ಮನ ಕೈಗೆ ಕೊಡು. 'ಅಮ್ಮ, ವಾರಕ್ಕೆ ಒಂದು ಸಂಜೆ ನನಗೆ ಕೊಡು, ಅವತ್ತು ಅಣ್ಣನ ಮಾತು ಬೇಡ' ಅಂತ ಬಾಯಿ ಬಿಟ್ಟು ಕೇಳು. ಕೇಳುವುದು ಸ್ವಾರ್ಥ ಅಲ್ಲ. ಕಾಲೇಜಿನಲ್ಲಿ ನಿನಗೆ ಇಷ್ಟವಾದ ಒಬ್ಬ ಲೆಕ್ಚರರ್‌ಗೆ ಮನೆಯ ವಿಷಯ ತಿಳಿಸಿರು, ಪರೀಕ್ಷೆ ಹೊತ್ತಿಗೆ ಅನುಕೂಲ ಆಗುತ್ತದೆ. ರಾತ್ರಿ ಹೊತ್ತು ತಡೆಯಲು ಆಗದಷ್ಟು ಬೇಜಾರಾದರೆ 14416ಕ್ಕೆ ಫೋನ್ ಮಾಡು. ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ, ಯಾವ ಹೊತ್ತಿಗಾದರೂ ಸಿಗುತ್ತಾರೆ.

ಈ ಪತ್ರ ಓದುತ್ತಿರುವ ಅಪ್ಪ ಅಮ್ಮಂದಿರೇ, ನಿಮ್ಮ ಮನೆಯಲ್ಲಿ ಸದ್ದಿಲ್ಲದೆ ಇರುವ ಮಗು ಯಾವುದು, ಒಮ್ಮೆ ನೋಡಿ.

ಪ್ರಶ್ನೆ: ನಾನು ಡಲ್ಲಾಸ್‌ನಲ್ಲಿದ್ದೇನೆ. ಮೈಸೂರಿನಲ್ಲಿ ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದರು, ಅವತ್ತು ಏನೂ ಆಗಿಲ್ಲ ಅಂದುಕೊಂಡೆವು. ಮೂರು ವಾರಕ್ಕೆ ಮಂಕಾದರು, ಮಿದುಳಿನ ಸುತ್ತ ರಕ್ತ ಕಟ್ಟಿದೆ ಅಂತ ಆಪರೇಷನ್ ಆಯ್ತು. 74 ವರ್ಷದ ಅಪ್ಪ ಒಬ್ಬರೇ ನೋಡಿಕೊಳ್ಳುತ್ತಿದ್ದಾರೆ. ನಾನು ದಿನಾ ಫೋನ್ ಮಾಡಿ ಅದು ಮಾಡಿ, ಇದು ಮಾಡಿ ಅಂತೀನಿ. ಮೊನ್ನೆ ಅಪ್ಪ 'ಬಂದು ನೀನೇ ಮಾಡು' ಅಂದು ಫೋನ್ ಇಟ್ಟರು.

ಉತ್ತರ: ಅಪ್ಪನಿಗೆ ನಿಮ್ಮ ಮೇಲೆ ಸಿಟ್ಟಿಲ್ಲ, ಸುಸ್ತಾಗಿದೆ. ಬಿದ್ದ ದಿನ ಗೊತ್ತಾಗಲಿಲ್ಲ ಅಂತ ಅವರು ತಮ್ಮನ್ನೇ ಬೈದುಕೊಳ್ಳುತ್ತಿರಲೂಬಹುದು, ಅದಕ್ಕೇ ಹೇಳಿ: ವಯಸ್ಸಾದವರಲ್ಲಿ ಇಂಥ ರಕ್ತ ನಿಧಾನವಾಗಿಯೇ ಸೇರುತ್ತದೆ, ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವವರಲ್ಲಿ ಇನ್ನೂ ಜಾಸ್ತಿ, ವಾರಗಳ ನಂತರ ಗೊತ್ತಾಗುವುದೇ ಹೆಚ್ಚು. ತಪ್ಪು ಯಾರದ್ದೂ ಅಲ್ಲ.

ಸಲಹೆ ಕೊಡುವುದನ್ನು ನಿಲ್ಲಿಸಿ, ಕೆಲಸ ತೆಗೆದುಕೊಳ್ಳಿ. ದೂರದಿಂದ ಮಾಡಬಹುದಾದ ಕೆಲಸ ಬೇಕಾದಷ್ಟಿದೆ. ಇನ್ಶೂರೆನ್ಸ್ ಕಾಗದ, ಔಷಧಿ ಆರ್ಡರ್, ಫಿಸಿಯೋಥೆರಪಿಯವರ ಹತ್ತಿರ ಮಾತು, ಡಾಕ್ಟರ್ ಅಪಾಯಿಂಟ್‌ಮೆಂಟ್, ಹಗಲು ಹೊತ್ತಿಗೆ ಒಬ್ಬ ಸಹಾಯಕಿಯನ್ನು ಹುಡುಕಿ ಸಂಬಳ ಕೊಡುವುದು. ಸಹಾಯಕಿ ಬಂದ ಎರಡು ಗಂಟೆ ಅಪ್ಪ ವಾಕಿಂಗ್ ಹೋಗಲಿ, ಸ್ನೇಹಿತರ ಜೊತೆ ಕಾಫಿ ಕುಡಿಯಲಿ. ಫೋನ್ ಮಾಡಿದಾಗ ಮೊದಲ ಪ್ರಶ್ನೆ 'ಅಮ್ಮ ಹೇಗಿದ್ದಾರೆ' ಬೇಡ. 'ಅಪ್ಪ, ನೀವು ಊಟ ಮಾಡಿದ್ರಾ, ರಾತ್ರಿ ನಿದ್ದೆ ಬಂತಾ' ಅಂತ ಕೇಳಿ. ರಜೆ ಸಿಕ್ಕಾಗ ಎರಡು ವಾರಕ್ಕಾದರೂ ಬನ್ನಿ, ಬಂದಾಗ ಅತಿಥಿಯ ಹಾಗಲ್ಲ, ಅಪ್ಪನ ಪಾಳಿಯನ್ನು ನೀವು ತೆಗೆದುಕೊಳ್ಳಿ.

ಪ್ರಶ್ನೆ: ಅಪ್ಪ ಮೊದಲು ಒಂದು ನಿಮಿಷ ಸುಮ್ನೆ ಕೂತವರಲ್ಲ. ಪೆಟ್ಟಾದ ಮೇಲೆ ದಿನವಿಡೀ ಸೋಫಾ ಮೇಲೆ. ಸ್ನಾನ ಮಾಡಿ ಅಂದರೆ 'ಆಮೇಲೆ'. ಸೋಮಾರಿತನ ಅಂತ ಅಮ್ಮನಿಗೆ ಕೋಪ.
— ತುಮಕೂರು

ಉತ್ತರ: ಸೋಮಾರಿತನ ಅಲ್ಲ. ಕೆಲಸ ಶುರು ಮಾಡಿಸುವ ಶಕ್ತಿಯೂ ಮಿದುಳಿನ ಮುಂಭಾಗದ್ದೇ, ಅದು ಕುಂದಿದರೆ ಬೇಕು ಅನಿಸಿದರೂ ಏಳಲು ಆಗುವುದಿಲ್ಲ. 'ಸ್ನಾನ ಮಾಡಿ' ಅಂತ ಹೇಳಿ ಹೋಗಬೇಡಿ. ಟವೆಲ್ ಕೈಗೆ ಕೊಟ್ಟು, ಎಬ್ಬಿಸಿ, ಬಚ್ಚಲ ತನಕ ಜೊತೆಗೆ ಹೋಗಿ. ದಿನಾ ಅದೇ ಹೊತ್ತಿಗೆ. ಇದರ ಜೊತೆ ನಿದ್ದೆ ಕೆಟ್ಟಿದ್ದರೆ, ಊಟ ಬಿಟ್ಟಿದ್ದರೆ, ಬದುಕಿ ಏನು ಪ್ರಯೋಜನ ಅನ್ನುತ್ತಿದ್ದರೆ ಅದು ಖಿನ್ನತೆ ಇರಬಹುದು, ಅದಕ್ಕೆ ಒಳ್ಳೆಯ ಔಷಧಿ ಇದೆ, ತಡಮಾಡದೆ ಮನೋವೈದ್ಯರಿಗೆ ತೋರಿಸಿ.

ಪ್ರಶ್ನೆ: ತಮ್ಮನಿಗೆ ಎಲ್ಲ ಅರ್ಥ ಆಗುತ್ತೆ, ಮಾತು ಬರಲ್ಲ. 'ನೀರು' ಅನ್ನೋಕೆ ಹೋಗಿ 'ಬಾಗಿಲು' ಅಂತಾನೆ. ಊರಲ್ಲಿ ಹುಚ್ಚ ಅಂತಾರೆ. ಅವನು ಅಳ್ತಾನೆ.
— ಕೊಪ್ಪಳ

ಉತ್ತರ: ಹುಚ್ಚಲ್ಲ, ಅಫೇಸಿಯಾ. ಬುದ್ಧಿ ಒಳಗೆ ಇದೆ, ಪದಕ್ಕೆ ದಾರಿ ಸಿಗುತ್ತಿಲ್ಲ. ಎಂಥ ಸಂಕಟ ಅದು, ಅಲ್ವಾ? ಮೈಸೂರಿನ ಮಾನಸಗಂಗೋತ್ರಿಯಲ್ಲಿ ವಾಕ್ ಶ್ರವಣ ಸಂಸ್ಥೆ ಇದೆ, ಜನ ಆಯಿಷ್ ಅನ್ನುತ್ತಾರೆ. ಅಲ್ಲಿ ಇದಕ್ಕೇ ತರಬೇತಿ ಕೊಡುತ್ತಾರೆ, ಕನ್ನಡದಲ್ಲಿ. ಮನೆಯಲ್ಲಿ 'ಹೌದು, ಇಲ್ಲ' ಅಂತ ತಲೆ ಆಡಿಸಿದರೆ ಸಾಕಾಗುವ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ, ಅವನ ವಾಕ್ಯವನ್ನು ನೀವು ಮುಗಿಸಬೇಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಅಫೇಸಿಯಾದಿಂದ ಶಾಶ್ವತವಾಗಿ ಉಳಿದ ಮಾತಿನ ತೊಂದರೆಯೂ ಸೇರಿದೆ, ತರಬೇತಿ ಆದ ಮೇಲೂ ತೊಂದರೆ ಉಳಿದರೆ ಯುಡಿಐಡಿ ಕಾರ್ಡಿಗೆ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿಗೆ, ಅರ್ಜಿ ಹಾಕಿ.

ಪ್ರಶ್ನೆ: ಅಪಘಾತ ಪರಿಹಾರದ ಕೇಸಿನಲ್ಲಿ ವಕೀಲರು ಕೈಕಾಲಿನದು ಮಾತ್ರ ಬರೆದಿದ್ದಾರೆ. ಅವನ ಬುದ್ಧಿ ಬದಲಾದದ್ದು, ನಾನು ಕೆಲಸ ಬಿಟ್ಟು ನೋಡಿಕೊಳ್ಳುತ್ತಿರುವುದು ಲೆಕ್ಕಕ್ಕಿಲ್ಲವಾ?
— ಬೆಳಗಾವಿ

ಉತ್ತರ: ಲೆಕ್ಕಕ್ಕಿದೆ. ತಲೆಗೆ ಪೆಟ್ಟಾಗಿ ಬುದ್ಧಿಶಕ್ತಿ ಕಳೆದುಕೊಂಡ ಕಾಜಲ್ ಎಂಬ ಹುಡುಗಿಯ ಕೇಸಿನಲ್ಲಿ 2020ರಲ್ಲಿ ಸುಪ್ರೀಂ ಕೋರ್ಟ್, ಅವಳನ್ನು ಜೀವನವಿಡೀ ನೋಡಿಕೊಳ್ಳುವವರ ಖರ್ಚನ್ನೂ ಸೇರಿಸಿ ಪರಿಹಾರ ಕೊಟ್ಟಿತು. ನ್ಯೂರೋಸೈಕಾಲಜಿ ಪರೀಕ್ಷೆಯ ವರದಿ ತೆಗೆದುಕೊಂಡು ವಕೀಲರ ಮುಂದಿಡಿ, ಈ ತೀರ್ಪಿನ ಹೆಸರೂ ಹೇಳಿ. ನೀವು ಮಾಡುತ್ತಿರುವುದು ಕೆಲಸ. ಅದನ್ನು ಕೆಲಸ ಅಂತಲೇ ಬರೆಸಿ.

ಪ್ರಶ್ನೆ: ಮಗನಿಗೆ 27. ಪೆಟ್ಟಾಗಿ ಮೂರು ವರ್ಷ. ಈಗಲೂ ಮಗುವಿನ ಹಾಗೆ ಆಡ್ತಾನೆ, ದುಡ್ಡು ಸಿಕ್ಕರೆ ಒಂದೇ ದಿನಕ್ಕೆ ಖಾಲಿ. ಮದುವೆ ಮಾಡಿದರೆ ಜವಾಬ್ದಾರಿ ಬರುತ್ತೆ ಅಂತ ನಮ್ಮವರು ಹೇಳ್ತಿದ್ದಾರೆ. ಬಡವರ ಮನೆಯ ಒಂದು ಹುಡುಗಿ ಇದೆ. ನಮಗೂ ವಯಸ್ಸಾಯ್ತು.
— ಒಬ್ಬ ತಾಯಿ, ಮಂಡ್ಯ ಜಿಲ್ಲೆ

ಉತ್ತರ: ಬೇಡಮ್ಮ. ದಯವಿಟ್ಟು ಬೇಡ.

ಮದುವೆಯಿಂದ ಮಿದುಳಿನ ಗಾಯ ಮಾಯುವುದಿಲ್ಲ. ಮೇಲಿನ ಮೊದಲ ಪತ್ರ ಇನ್ನೊಮ್ಮೆ ಓದಿ. ಆ ಹೆಣ್ಣುಮಗಳಿಗೆ ಒಳ್ಳೆಯ ವರ್ಷಗಳ ನೆನಪಾದರೂ ಇದೆ. ನೀವು ತರಬೇಕು ಅಂತಿರುವ ಹುಡುಗಿಗೆ ಅದೂ ಇರುವುದಿಲ್ಲ. ಬಡವರ ಮನೆಯವಳು ಅಂದಿರಿ, ಅಂದರೆ ಬೇಡ ಅನ್ನುವ ದಾರಿ ಅವಳಿಗಿಲ್ಲ ಅಂತ ನಿಮಗೂ ಗೊತ್ತಿದೆ. ಪೆಟ್ಟಾದವರು ಮದುವೆಯೇ ಆಗಬಾರದು ಅಂತ ನಾನು ಹೇಳುತ್ತಿಲ್ಲ. ಎಲ್ಲ ವಿಷಯ ತಿಳಿದು, ಅವನ ಜೊತೆ ಸಾಕಷ್ಟು ದಿನ ಒಡನಾಡಿ, ತಾನಾಗಿ ಒಪ್ಪಿ ಬರುವವರು ಇದ್ದರೆ ಅದು ಬೇರೆ. ಮುಚ್ಚಿಟ್ಟು ಮಾಡುವುದು ಮೋಸ.

ನಿಮ್ಮ ನಿಜವಾದ ಭಯ ನನಗೆ ಅರ್ಥ ಆಗುತ್ತದೆ. ನಾವು ಹೋದ ಮೇಲೆ ಇವನಿಗೆ ಯಾರು? ಆ ಪ್ರಶ್ನೆ ಸರಿ, ಸೊಸೆ ಅದರ ಉತ್ತರ ಅಲ್ಲ. ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ನೀಲ್ ಬ್ರೂಕ್ಸ್ ಮತ್ತು ಜೊತೆಯವರು 1980ರ ದಶಕದಲ್ಲಿ ಇಂಥ ಕುಟುಂಬಗಳನ್ನು ಐದು ವರ್ಷ ನೋಡಿದರು. ಮನೆಯವರ ಮೇಲಿನ ಹೊರೆ ಮೊದಲ ವರ್ಷಕ್ಕಿಂತ ಐದನೇ ವರ್ಷ ಜಾಸ್ತಿ ಆಗಿತ್ತು, ಕೈಕಾಲಿನ ತೊಂದರೆಗಿಂತ ಸ್ವಭಾವ ಬದಲಾದದ್ದೇ ಅವರನ್ನು ಹೆಚ್ಚು ಬಳಲಿಸಿತ್ತು. ಹಾಗಾಗಿ ಈಗಲೇ ನಾಲ್ಕು ಹೆಗಲು ಹುಡುಕಬೇಕು. ಹಣಕಾಸಿನ ಮಟ್ಟಿಗೆ ಅವನ ಪರವಾಗಿ, ಅವನನ್ನೂ ಕೇಳಿ ನಿರ್ಧಾರ ಮಾಡಲು 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಸೀಮಿತ ಪೋಷಕರನ್ನು ನೇಮಿಸುವ ಅವಕಾಶ ಇದೆ, ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತವಾಗಿ ಕೇಳಬಹುದು. ದುಡ್ಡು ಒಟ್ಟಿಗೆ ಕೈಗೆ ಕೊಡಬೇಡಿ, ದಿನಕ್ಕೆ ಇಷ್ಟು ಅಂತ ಕೊಡಿ. ಅವನಿಗೆ ಹಿಡಿಸುವ ಒಂದು ಕೆಲಸ, ದನ ಮೇಯಿಸುವುದೋ, ಅಂಗಡಿಯಲ್ಲಿ ಸಾಮಾನು ಜೋಡಿಸುವುದೋ, ದಿನಾ ಒಂದೇ ಹೊತ್ತಿಗೆ ಮಾಡಿಸಿ. ಹೆಣ್ಣುಮಕ್ಕಳು, ಅಳಿಯ, ನಿಮ್ಮ ತಮ್ಮ, ಎಲ್ಲರನ್ನೂ ಒಂದು ಭಾನುವಾರ ಮನೆಗೆ ಕರೆದು ಯಾರು ಏನು ಹೊರುತ್ತೀರಿ ಅಂತ ನೇರವಾಗಿ ಕೇಳಿ, ಹೇಳಿದ್ದನ್ನು ಬರೆದಿಡಿ. ಆ ಹುಡುಗಿಯ ಮನೆಗೆ ಮಾತ್ರ ಅದಕ್ಕೂ ಮೊದಲೇ ಫೋನ್ ಮಾಡಿ ಈ ಸಂಬಂಧ ಬೇಡ ಅಂತ ತಿಳಿಸಿಬಿಡಿ.